ನಮ್ಮ ಶಾಸಕರಿಗೆ ಮತ್ತೆ ವೋಟು ಹಾಕಬೇಕಾ? ಅಳೆಯೋದು ಹೇಗೆ ಅಂತ ನೋಡೋಣ

ನನ್ನ ತಂಗಿ, ಅಂದರೆ ದೊಡ್ಡಪ್ಪನ ಮಗಳ ಮದುವೆಗೆ ಶಾಸಕರು ಬಂದಿದ್ದರು. ಊಟದ ಹೊತ್ತು. ಹೆಣ್ಣು ಗಂಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮುಯ್ಯಿ ಕವರ್ ಕೊಟ್ಟರು. ದೊಡ್ಡಪ್ಪನ ಹೆಗಲ ಮೇಲೆ ಕೈ ಹಾಕಿ "ಏನ್ ಗೌಡ್ರೇ, ಚೆನ್ನಾಗಿದ್ದೀರಾ" ಅಂತ ಮಾತಾಡಿಸಿದರು, ಹೊರಟರು. ಎಲ್ಲಾ ಸೇರಿ ಹತ್ತು ನಿಮಿಷ. ಸಂಜೆ ಚಪ್ಪರದ ಕೆಳಗೆ ಕೂತಾಗ ದೊಡ್ಡಪ್ಪ ತೀರ್ಮಾನ ಹೇಳಿಬಿಟ್ಟರು: "ಮುಂದಿನ ಸಲವೂ ಇವರಿಗೇ ನೋಡು. ಕರೆದ ತಕ್ಷಣ ಬರ್ತಾರೆ."

ಅದೇ ದೊಡ್ಡಪ್ಪನ ಮನೆಯ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದೆ. ರೇಷನ್ ಕಾರ್ಡು, ಹಳೇ ಕಂದಾಯದ ರಸೀದಿಗಳ ಜೊತೆ ಅದರಲ್ಲಿ ಮಡಚಿ ಮಡಚಿ ಸವೆದ ಒಂದು ಚೀಟಿ. 1999ರಲ್ಲಿ ಕೊಟ್ಟ ಫಾರಂ 53ರ ಸ್ವೀಕೃತಿ. ಒಂದು ಎಕರೆ ಇಪ್ಪತ್ತು ಗುಂಟೆ ಸರ್ಕಾರಿ ಜಮೀನನ್ನು ಅವರ ಅಪ್ಪನ ಕಾಲದಿಂದ ಉಳುತ್ತಿದ್ದಾರೆ, ಅದನ್ನು ಸಕ್ರಮ ಮಾಡಿಕೊಡಿ ಅಂತ ಹಾಕಿದ ಅರ್ಜಿ. ಇವತ್ತಿಗೂ ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದ ಪತ್ರ, ಬಂದಿಲ್ಲ.

ಆ ಅರ್ಜಿಯನ್ನು ತೀರ್ಮಾನ ಮಾಡಬೇಕಾದದ್ದು ತಾಲೂಕಿನ ಬಗರ್ ಹುಕುಂ ಸಮಿತಿ. ಅದರ ಅಧ್ಯಕ್ಷರು ಯಾರು ಗೊತ್ತಾ? ಶಾಸಕರೇ. ತಹಶೀಲ್ದಾರ್ ಅದರ ಕಾರ್ಯದರ್ಶಿ. ಇದನ್ನು ಹೇಳಿದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಂಗಾದ್ರೆ ಮದುವೆ ದಿನ ಅವರನ್ನೇ ಕೇಳಬಹುದಿತ್ತಲ್ವಾ?"

ಈ ಲೇಖನ ಬರೆಯಬೇಕು ಅನ್ನಿಸಿದ್ದು ಆ ಪ್ರಶ್ನೆಯಿಂದಲೇ. ಶಾಸಕರು ನಮಗೆ ಏನು ಕೊಟ್ಟರು ಅನ್ನೋದು ಎಲ್ಲರಿಗೂ ನೆನಪಿರುತ್ತದೆ. ಅವರು ಏನು ಮಾಡಬೇಕಿತ್ತು ಅನ್ನೋದು ಮಾತ್ರ ತುಂಬಾ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಲೆಕ್ಕ ಕೇಳೋದು ಹೇಗೆ? ಹೋದ ವಿಧಾನಸಭೆ ಚುನಾವಣೆ ನಡೆದದ್ದು 2023ರ ಮೇ 10ರಂದು. ಅವಧಿ ಪೂರ್ತಿ ನಡೆದರೆ ಮುಂದಿನದು 2028ರಲ್ಲಿ. ಪ್ರಚಾರ ಶುರುವಾದ ಮೇಲೆ ಯಾರಿಗೂ ಶಾಂತವಾಗಿ ಕೂತು ಲೆಕ್ಕ ನೋಡುವ ಪುರುಸೊತ್ತು ಇರುವುದಿಲ್ಲ. ನೋಡಬೇಕಾದರೆ ಅದಕ್ಕೂ ಮುಂಚೆಯೇ ನೋಡಬೇಕು.

ಮೊದಲು, ಯಾವುದು ಯಾರ ಕೆಲಸ

ಮನೆ ಮುಂದಿನ ಚರಂಡಿ, ಬೀದಿ ದೀಪ, ನಲ್ಲಿ ನೀರು, ಕಸ. ಹಳ್ಳಿಯಲ್ಲಿ ಇದು ಗ್ರಾಮ ಪಂಚಾಯಿತಿ ಕೆಲಸ. ಪಟ್ಟಣದಲ್ಲಿ ಪುರಸಭೆ, ನಗರಸಭೆಯದ್ದು. ಕೇಳಬೇಕಾದವರು ಪಂಚಾಯಿತಿ ಮೆಂಬರು, ಪಿಡಿಒ, ವಾರ್ಡಿನ ಕೌನ್ಸಿಲರ್. ರೈಲು, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಅದಕ್ಕೆ ಸಂಸದರನ್ನು ಹಿಡಿಯಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ, ಮಹಿಳೆಯರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ, 200 ಯೂನಿಟ್‌ವರೆಗೆ ಕರೆಂಟು, ಇವು ಇಡೀ ರಾಜ್ಯ ಸರ್ಕಾರದ ಯೋಜನೆಗಳು. 224 ಕ್ಷೇತ್ರಕ್ಕೂ ಒಂದೇ. ನಿಮ್ಮ ಶಾಸಕರು ಆಡಳಿತ ಪಕ್ಷದವರಾದರೆ ಅದರ ಕೀರ್ತಿ ಪೂರ್ತಿ ಅವರದ್ದಲ್ಲ. ವಿರೋಧ ಪಕ್ಷದವರಾದರೆ ಒಂದು ತಿಂಗಳು ಹಣ ತಡವಾದದ್ದಕ್ಕೆ ಅವರನ್ನು ಬೈಯುವುದರಲ್ಲೂ ಅರ್ಥವಿಲ್ಲ. ಆದರೆ ನಿಮ್ಮ ತಾಲೂಕಿನ ನೂರಾರು ಹೆಂಗಸರ ಅರ್ಜಿ ಒಂದೇ ತಾಂತ್ರಿಕ ತಪ್ಪಿನಿಂದ ನಿಂತಿದ್ದರೆ, ಅದನ್ನು ಅಧಿಕಾರಿಗಳ ಮುಂದೆ ಇಟ್ಟು ಸರಿ ಮಾಡಿಸೋದು ಖಂಡಿತ ಶಾಸಕರ ಕೆಲಸ.

ಈ ಗೆರೆಗಳು ಈಗ ಅಳಿಸಿಹೋಗಿವೆ. ಅದಕ್ಕೆ ಕಾರಣ ಇದೆ. 1987ರಲ್ಲಿ ನಮ್ಮ ರಾಜ್ಯದಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತ ಇವತ್ತಿಗೂ ನೆನೆಸುತ್ತಾರೆ. ಜಿಲ್ಲೆಯ ಕೆಲಸ ಜಿಲ್ಲೆಯವರೇ ಮಾಡಲಿ ಅನ್ನೋದು ಅವತ್ತಿನ ಯೋಚನೆ. ದೇಶಕ್ಕೆಲ್ಲ ಪಂಚಾಯತ್ ರಾಜ್ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ, ನಾವು ಅದಕ್ಕಿಂತ ಮುಂದಿದ್ದೆವು. ಆದರೆ 2021ರಲ್ಲಿ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೆಂಗಳೂರಿನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ನಡುವಿನ ಮೆಟ್ಟಿಲುಗಳೇ ಇಲ್ಲದಿದ್ದರೆ ಜನ ಎಲ್ಲದಕ್ಕೂ ಶಾಸಕರ ಮನೆಗೇ ಹೋಗುತ್ತಾರೆ, ಬೇರೆ ದಾರಿ ಏನಿದೆ? ಹಾಗಾಗಿ ನಿಮ್ಮ ಶಾಸಕರಿಗೆ ಕೇಳುವ ಮೊದಲ ಪ್ರಶ್ನೆ ಇದೇ ಆಗಬಹುದು: ಆ ಚುನಾವಣೆ ಮಾಡಿ ಅಂತ ನೀವು ಸದನದಲ್ಲಿ ಎಷ್ಟು ಸಲ ಎದ್ದು ನಿಂತಿರಿ?

84 ರೂಪಾಯಿ

ಶಾಸಕರ ಹಣ ಅಂದರೆ ನಮ್ಮ ತಲೆಯಲ್ಲಿ ದೊಡ್ಡ ಚಿತ್ರ ಇರುತ್ತದೆ. ಲೆಕ್ಕ ನೋಡೋಣ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. 2023ರಲ್ಲಿ ರಾಜ್ಯದಲ್ಲಿ ಸುಮಾರು 5.3 ಕೋಟಿ ಮತದಾರರಿದ್ದರು. ಅಂದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.37 ಲಕ್ಷ. ಭಾಗಿಸಿದರೆ ಒಬ್ಬ ಮತದಾರರಿಗೆ ವರ್ಷಕ್ಕೆ 84 ರೂಪಾಯಿ ಆಸುಪಾಸು. ಐದು ವರ್ಷಕ್ಕೆ 420.

ಈಗ ಇನ್ನೊಂದು ಕಡೆ ನೋಡಿ. 2025-26ರ ರಾಜ್ಯ ಬಜೆಟ್ 4,09,549 ಕೋಟಿ ರೂಪಾಯಿ. 224 ಶಾಸಕರ ನಿಧಿ ಒಟ್ಟು ಸೇರಿಸಿದರೆ 448 ಕೋಟಿ. ಬಜೆಟ್ಟಿನ ಪ್ರತಿ ಸಾವಿರ ರೂಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ರೂಪಾಯಿ ಹತ್ತು ಪೈಸೆ. ಬಸ್ ತಂಗುದಾಣ, ಹೈಮಾಸ್ಟ್ ದೀಪ, ಸಮುದಾಯ ಭವನ ಎಲ್ಲಾ ಬರೋದು ಈ ಒಂದು ರೂಪಾಯಿಯಲ್ಲಿ. ಉಳಿದ 999 ಎಲ್ಲಿಗೆ ಹೋಗಬೇಕು ಅಂತ ಸದನದಲ್ಲಿ ಚರ್ಚೆ ಮಾಡಿ ಒಪ್ಪಿಗೆ ಕೊಡುವವರೂ ಇದೇ ಶಾಸಕರು. ನಾವು ಒಂದು ರೂಪಾಯಿಯ ಕಲ್ಲು ನೋಡಿ ಪಾಸು ಫೇಲು ಮಾಡುತ್ತೇವೆ, 999ರ ಬಗ್ಗೆ ಕೇಳುವುದೇ ಇಲ್ಲ. ನನಗೆ ನಿಜವಾಗಿ ಬೇಜಾರಾಗೋದು ಇಲ್ಲಿ.

ಹಾಗಂತ ಆ ಒಂದು ರೂಪಾಯಿಯ ಲೆಕ್ಕ ಬಿಡಬಾರದು. ಅದನ್ನು ತಿಳಿಯೋದು ಸುಲಭ ಕೂಡ. ಈ ನಿಧಿ ಖರ್ಚಾಗೋದು ಜಿಲ್ಲಾಧಿಕಾರಿ ಕಚೇರಿ ಮೂಲಕ. ಶಾಸಕರು ಕೆಲಸ ಸೂಚಿಸುತ್ತಾರೆ, ಮಂಜೂರು ಮಾಡೋದು, ಹಣ ಬಿಡೋದು ಅಲ್ಲಿಂದ. ಆ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. 30 ದಿನದಲ್ಲಿ ಉತ್ತರ ಕೊಡಬೇಕು. ಹೀಗೆ ಬರೆದರೆ ಸಾಕು: "ನಮ್ಮ ವಿಧಾನಸಭಾ ಕ್ಷೇತ್ರದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ 2023-24ರಿಂದ ಈವರೆಗೆ ಮಂಜೂರಾದ ಕಾಮಗಾರಿಗಳ ಪಟ್ಟಿ, ಪ್ರತಿ ಕಾಮಗಾರಿಯ ಅಂದಾಜು ಮೊತ್ತ, ಬಿಡುಗಡೆಯಾದ ಹಣ, ಕೆಲಸ ಮಾಡಿದ ಏಜೆನ್ಸಿ ಮತ್ತು ಈಗಿನ ಹಂತ."

ಪಟ್ಟಿ ಕೈಗೆ ಬಂದ ಮೇಲೆ ಮೂರು ನಾಲ್ಕು ವಿಷಯ ಕಣ್ಣಿಗೆ ಬೀಳುತ್ತವೆ. ಶಾಲೆ ಕೊಠಡಿಗೆ ಎಷ್ಟು, ಸಮುದಾಯ ಭವನಗಳಿಗೆ ಎಷ್ಟು. ಎಲ್ಲಾ ಹೋಬಳಿಗೂ ಹಂಚಿದೆಯಾ, ಅಥವಾ ವೋಟು ಬಂದ ಊರುಗಳಿಗೆ ಮಾತ್ರ ಹೋಗಿದೆಯಾ. ಮೊದಲ ಮೂರು ವರ್ಷ ಹಣ ಹಾಗೇ ಉಳಿಸಿ ಕೊನೇ ವರ್ಷ ಒಟ್ಟಿಗೆ ಗುದ್ದಲಿ ಪೂಜೆ ಮಾಡಿದ್ದಾರಾ. ಆಮೇಲೆ ಪಟ್ಟಿ ಹಿಡಿದು ಒಂದು ಭಾನುವಾರ ಗೆಳೆಯರ ಜೊತೆ ಬೈಕಿನಲ್ಲಿ ಹೊರಡಿ. ನಾವು ಹಾಗೆ ಹೋದಾಗ 'ಪೂರ್ಣಗೊಂಡಿದೆ' ಅಂತ ಬರೆದಿದ್ದ ಒಂದು ತಂಗುದಾಣ ಸಿಕ್ಕಿತು. ಕಟ್ಟಡ ಗಟ್ಟಿಯಾಗಿತ್ತು, ಕೂರಲು ಕಲ್ಲಿನ ಬೆಂಚೂ ಇತ್ತು, ಮೇಲೆ ಊರಿನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಶಾಸಕರ ಹೆಸರು. ಆದರೆ ಬಸ್ಸು ನಿಲ್ಲೋದು ಅಲ್ಲಿಂದ ನೂರು ಹೆಜ್ಜೆ ಮುಂದೆ, ಹೋಟೆಲಿನ ಹತ್ತಿರ. ಶಾಲೆ ಮಕ್ಕಳು ಅಲ್ಲೇ ಬಿಸಿಲಿನಲ್ಲಿ ನಿಂತಿದ್ದರು. ಕಟ್ಟುವ ಮುಂಚೆ ಊರಿನವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕಾಗದದಲ್ಲಿ ಎಲ್ಲಾ ಸರಿ ಇತ್ತು, ಹಣವೂ ಸೋರಿರಲಿಲ್ಲ, ಆದರೂ ಕೆಲಸ ಆಗಿರಲಿಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಈ 2 ಕೋಟಿ ಎಲ್ಲರಿಗೂ ಸಮ. ಅದರ ಮೇಲೆ ಬರುವ ವಿಶೇಷ ಅನುದಾನ, ದೊಡ್ಡ ರಸ್ತೆ, ಏತ ನೀರಾವರಿ ಇವೆಲ್ಲ ಸರ್ಕಾರದ ಕೈಯಲ್ಲಿರುತ್ತವೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ವಿರೋಧ ಪಕ್ಷದ ಶಾಸಕರು ನಮಗೆ ಕಡಿಮೆ ಕೊಟ್ಟರು ಅಂತ ಹೇಳುತ್ತಲೇ ಇರುತ್ತಾರೆ. ಹಾಗಾಗಿ ಪಕ್ಕದ ಕ್ಷೇತ್ರದ ಮಂತ್ರಿಯ ಜೊತೆ ನಿಮ್ಮ ವಿರೋಧ ಪಕ್ಷದ ಶಾಸಕರನ್ನು ಹೋಲಿಸಬೇಡಿ. ಕೈಗೆ ಸಿಕ್ಕಿದ ಹಣದಲ್ಲಿ ಏನು ಮಾಡಿದರು, ಸಿಗದೇ ಇದ್ದದ್ದಕ್ಕೆ ಎಷ್ಟು ಜಗಳ ಮಾಡಿದರು, ಇಷ್ಟು ನೋಡಿ.

ಬೆಳಗ್ಗೆ 7 ಗಂಟೆಯ ಸಾಲು

ನನ್ನ ಪ್ರಕಾರ ಶಾಸಕರನ್ನು ಅಳೆಯುವ ಅತಿ ಒಳ್ಳೆಯ ಜಾಗ ಇದು.

ಯಾವ ಶಾಸಕರ ಮನೆ ಮುಂದೆ ಬೇಕಾದರೂ ಬೆಳಗ್ಗೆ ಹೋಗಿ ನಿಂತುಕೊಳ್ಳಿ. ಗಂಡ ಸತ್ತು ಒಂದೂವರೆ ವರ್ಷ ಆಯಿತು, ವಿಧವಾ ವೇತನ ಬಂದಿಲ್ಲ ಅನ್ನುವ ಹೆಂಗಸು. ಅಪ್ಪ ತೀರಿಕೊಂಡರು, ಜಮೀನು ನಮ್ಮ ಹೆಸರಿಗೆ ಬರುವ ಪೌತಿ ಖಾತೆ ಆಗುತ್ತಿಲ್ಲ ಅನ್ನುವ ಅಣ್ಣತಮ್ಮಂದಿರು. ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹದಿನೈದು ದಿನ ಆಯಿತು, ಬೆಳೆ ಒಣಗುತ್ತಿದೆ ಅನ್ನುವ ರೈತರು. ಮಗನಿಗೆ ಹಾಸ್ಟೆಲ್ ಸೀಟು ಬೇಕು ಅನ್ನುವ ತಾಯಿ. ಶಾಸಕರು ಹೊರಗೆ ಬರುತ್ತಾರೆ, ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಒಬ್ಬೊಬ್ಬರ ಕಾಗದ ನೋಡಿ ಪಿಎಗೆ "ಲೆಟರ್ ಕೊಡಪ್ಪ" ಅಂತಾರೆ. ಇನ್ನೊಬ್ಬರಿಗೆ ತಹಶೀಲ್ದಾರ್‌ಗೆ ಅಲ್ಲೇ ಫೋನ್ ಮಾಡಿ "ಇವರ ಕೆಲಸ ನೋಡಿ" ಅಂತಾರೆ. ಕೆಲಸ ಆಗುತ್ತದೆ. ಆ ಹೆಂಗಸು ಮನೆಗೆ ಹೋಗಿ ಹತ್ತು ಜನಕ್ಕೆ ಹೇಳುತ್ತಾಳೆ, ದೇವರಂಥ ಮನುಷ್ಯ ಅಂತ.

ಅವಳು ಹೇಳೋದು ತಪ್ಪಲ್ಲ. ಅವತ್ತು ಅವಳಿಗೆ ಅನ್ನ ಕೊಟ್ಟದ್ದು ಆ ಫೋನೇ. ಕಷ್ಟ ಅಂತ ಬಂದವರ ಕೈಗೆ ಸಿಗುವ ಶಾಸಕರು, ಬಾಗಿಲು ತೆರೆದಿಡುವ ಶಾಸಕರು ನಿಜಕ್ಕೂ ಬೇಕು. ಬೆಂಗಳೂರಿನಲ್ಲೇ ಮನೆ ಮಾಡಿಕೊಂಡು ಕ್ಷೇತ್ರಕ್ಕೆ ಹಬ್ಬಕ್ಕೆ ಬಂದಂತೆ ಬಂದುಹೋಗುವವರಿಗಿಂತ ಇವರು ಎಷ್ಟೋ ವಾಸಿ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ಫೋನಿಗೆ ಆಗುವ ಕೆಲಸ ಫೋನ್ ಇಲ್ಲದೆ ಯಾಕೆ ಆಗಲಿಲ್ಲ? ವಿಧವಾ ವೇತನ ಅವಳ ಹಕ್ಕು. ಶಾಸಕರು ಕೊಡುವ ಉಪಕಾರ ಅಲ್ಲ. ತಾಲೂಕು ಕಚೇರಿ ಕೆಟ್ಟಿರುವುದರಿಂದ ಸಾಲು ಬೆಳೆಯುತ್ತದೆ, ಸಾಲು ಬೆಳೆದಷ್ಟೂ ಶಾಸಕರ ಹೆಸರು ಬೆಳೆಯುತ್ತದೆ. ಹಾಗಾದರೆ ಕಚೇರಿ ಸರಿಯಾಗಬೇಕು ಅಂತ ಯಾರಿಗೆ ಅನ್ನಿಸಬೇಕು?

ಅದನ್ನು ಸರಿ ಮಾಡುವ ಅಧಿಕಾರ ಶಾಸಕರಿಗೆ ಇದೆ. ಕೆಡಿಪಿ ಸಭೆ, ಅಂದರೆ ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನಾ ಸಭೆ, ಅಂತ ಪೇಪರಿನಲ್ಲಿ ಓದಿರುತ್ತೀರಿ. ತಾಲೂಕು ಮಟ್ಟದ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು, ಮೂರು ತಿಂಗಳಿಗೊಮ್ಮೆ ನಡೆಯಬೇಕು. ಕೃಷಿ, ಆರೋಗ್ಯ, ಶಿಕ್ಷಣ, ಕಂದಾಯ, ಕರೆಂಟು, ಎಲ್ಲಾ ಇಲಾಖೆಯ ತಾಲೂಕು ಅಧಿಕಾರಿಗಳು ಅವರ ಮುಂದೆ ಕೂತು ವರದಿ ಕೊಡಬೇಕು. "ಪೌತಿ ಖಾತೆ ಎಷ್ಟು ಬಾಕಿ ಇದೆ, ಯಾವ ನಾಡಕಚೇರಿಯಲ್ಲಿ ಜಾಸ್ತಿ, ಯಾಕೆ, ಮುಂದಿನ ಸಭೆಗೆ ಎಷ್ಟು ಇಳಿಸ್ತೀರಿ?" ಅಂತ ಅಲ್ಲಿ ಒಂದು ಸಲ ಗಟ್ಟಿಯಾಗಿ ಕೇಳಿದರೆ, ಮನೆ ಮುಂದೆ ನೂರು ಲೆಟರ್ ಕೊಡುವ ಕೆಲಸ ತಪ್ಪುತ್ತದೆ. ಸಭೆಯ ನಡಾವಳಿ, ಹಿಂದಿನ ಸಭೆಯ ತೀರ್ಮಾನ ಏನಾಯಿತು ಅನ್ನುವ ಅನುಪಾಲನಾ ವರದಿ, ಎರಡೂ ಕಾಗದದಲ್ಲಿ ಇರುತ್ತವೆ. ಮಾಹಿತಿ ಹಕ್ಕಿನಲ್ಲಿ ಅವನ್ನೂ ಕೇಳಬಹುದು. ಒಂದೇ ಸಾಲು ನಾಲ್ಕು ಸಭೆಯಲ್ಲೂ "ಕ್ರಮ ವಹಿಸಲಾಗುತ್ತಿದೆ" ಅಂತ ಬಂದಿದ್ದರೆ ಏನು ನಡೆದಿದೆ ಅಂತ ನೀವೇ ಅರ್ಥ ಮಾಡಿಕೊಳ್ಳಬಹುದು.

ತಾಲೂಕಿನ ಅಧಿಕಾರಿಗಳು ಎಷ್ಟು ದಿನ ಉಳಿದರು ಅನ್ನೋದನ್ನೂ ನೋಡಿ. ಐದು ವರ್ಷದಲ್ಲಿ ಎಷ್ಟು ತಹಶೀಲ್ದಾರ್ ಬದಲಾದರು, ಎಷ್ಟು ಸಬ್ ಇನ್‌ಸ್ಪೆಕ್ಟರ್ ಬಂದುಹೋದರು. ವರ್ಗಾವಣೆಯಲ್ಲಿ ಶಾಸಕರ ಪತ್ರಕ್ಕೆ ತೂಕ ಇದೆ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ಒಳ್ಳೆ ಕೆಲಸ ಮಾಡುತ್ತಿದ್ದ ಅಧಿಕಾರಿ ಎಂಟು ತಿಂಗಳಿಗೆ ಹೋದರೆ, ಆಗ ನಿಮ್ಮ ಶಾಸಕರು ಏನು ಮಾಡಿದರು ಅಂತ ಊರಿನಲ್ಲಿ ಕೇಳಿ. ಗೊತ್ತಿರುವವರು ಹೇಳುತ್ತಾರೆ.

ಹಾಗೆಯೇ ಶಾಸಕರು ಕೂರುವ ಬೇರೆ ಕುರ್ಚಿಗಳೂ ಇವೆ. ಮನೆ ಹಂಚಿಕೆಯ ಆಶ್ರಯ ಸಮಿತಿ. ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಷಿನ್ ಇದ್ದೂ ರೇಡಿಯಾಲಜಿಸ್ಟ್ ಇಲ್ಲ ಅಂದರೆ, ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಸರಿ ಇಲ್ಲ ಅಂದರೆ, ಅದು ಅವರ ಮುಂದೆ ಬಂದೇ ಬರುತ್ತದೆ. ಈ ಸಮಿತಿಗಳು ಎಷ್ಟು ಸಲ ಸೇರಿದವು ಅನ್ನುವ ಒಂದು ಲೆಕ್ಕವೇ ತುಂಬಾ ವಿಷಯ ಹೇಳುತ್ತದೆ.

ಸದನದಲ್ಲಿ ಏನು ಮಾಡಿದರು

ಶಾಸಕ ಅಂದರೆ ಶಾಸನ ಮಾಡುವವರು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲೇ ನಮ್ಮ ರಾಜ್ಯ ಕಾನೂನು ಮಾಡಿಕೊಂಡಿದೆ. ಆ 60 ದಿನ ಮುಟ್ಟಿದ್ದು ಅಪರೂಪ. ನಡೆದ ದಿನಗಳಲ್ಲೂ ಗದ್ದಲ, ಧರಣಿ, ಮುಂದೂಡಿಕೆಗೆ ಎಷ್ಟೋ ಗಂಟೆ ಹೋಗುತ್ತವೆ. ಅದಕ್ಕೇ ಸಿಕ್ಕ ಹೊತ್ತಿನಲ್ಲಿ ನಿಮ್ಮವರು ಏನು ಕೇಳಿದರು ಅನ್ನೋದಕ್ಕೆ ಬೆಲೆ ಜಾಸ್ತಿ.

ವಿಧಾನಸಭೆಯ ವೆಬ್‌ಸೈಟಿನಲ್ಲಿ ಪ್ರಶ್ನೋತ್ತರಗಳು ಕನ್ನಡದಲ್ಲೇ ಸಿಗುತ್ತವೆ. ಮೇಲೆ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರ ಕೊಡುವ ಸಚಿವರ ಹೆಸರು. ಕೆಳಗೆ ಎರಡು ಕಾಲಂ. ಎಡಗಡೆ (ಅ), (ಆ), (ಇ) ಅಂತ ಪ್ರಶ್ನೆ, ಬಲಗಡೆ ಉತ್ತರ. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಸಚಿವರು ಸದನದಲ್ಲೇ ಎದ್ದು ಉತ್ತರ ಹೇಳಬೇಕಾದದ್ದು, ಉಪಪ್ರಶ್ನೆ ಕೇಳುವ ಅವಕಾಶ ಇರುತ್ತದೆ. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದಲ್ಲಿ ಉತ್ತರ. ನಿಮ್ಮ ಶಾಸಕರ ಹೆಸರಿನಲ್ಲಿ ಹುಡುಕಿ ಓದಿ. ಒಬ್ಬರು "ನಮ್ಮ ತಾಲೂಕು ಆಸ್ಪತ್ರೆಗೆ ಮಂಜೂರಾದ ವೈದ್ಯರ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗ ತುಂಬುತ್ತೀರಿ" ಅಂತ ಕೇಳಿರುತ್ತಾರೆ. ಆ ಉತ್ತರ ಸರ್ಕಾರದ ಲಿಖಿತ ಮಾತು, ಮುಂದೆ ಅದನ್ನು ಹಿಡಿದು ಯಾರು ಬೇಕಾದರೂ ಹೋರಾಡಬಹುದು. ಇನ್ನೊಬ್ಬರದ್ದು ಐದು ವರ್ಷದಲ್ಲಿ ಒಂದು ಪುಟ ಕೂಡ ಇರುವುದಿಲ್ಲ. ಸುಮ್ನೆ ಸಂಖ್ಯೆ ಎಣಿಸಿದರೆ ಸಾಲದು, ಪ್ರಶ್ನೆಯ ಒಳಗೆ ಏನಿದೆ ಅಂತ ಓದಬೇಕು. ಮಂತ್ರಿಗಳು, ಸ್ಪೀಕರ್ ಪ್ರಶ್ನೆ ಕೇಳುವುದಿಲ್ಲ, ಅವರನ್ನು ಈ ತಕ್ಕಡಿಯಲ್ಲಿ ಹಾಕಬೇಡಿ. ಮಂತ್ರಿಯಾದವರನ್ನು ಅವರ ಇಲಾಖೆಯಿಂದ ಅಳೆಯಬೇಕು.

ಮತ ಹಾಕುವ ವಿಷಯದಲ್ಲಿ ಶಾಸಕರ ಕೈ ಕಟ್ಟಿದೆ. ಪಕ್ಷ ವಿಪ್ ಕೊಟ್ಟರೆ, ಅಂದರೆ ಹೀಗೇ ಮತ ಹಾಕಿ ಅಂತ ಆದೇಶ ಕೊಟ್ಟರೆ, ಮೀರುವಂತಿಲ್ಲ, 1985ರ ಪಕ್ಷಾಂತರ ನಿಷೇಧ ಕಾನೂನು ಹಾಗಿದೆ. ಆದರೆ ಮಾತನಾಡುವುದಕ್ಕೆ ವಿಪ್ ಅಡ್ಡ ಬರುವುದಿಲ್ಲ. ಶೂನ್ಯವೇಳೆ ಇದೆ, ಗಮನ ಸೆಳೆಯುವ ಸೂಚನೆ ಇದೆ, ಬಜೆಟ್ ಮೇಲಿನ ಚರ್ಚೆ ಇದೆ.

ಪಕ್ಷ ಬಿಟ್ಟು ಹೋದವರು

2019ರಲ್ಲಿ 17 ಶಾಸಕರು ಅನರ್ಹರಾದರು. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಲು ಬಿಟ್ಟಿತು. ಅದೇ ವರ್ಷ ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ. ಅನರ್ಹರಾದವರಲ್ಲಿ 13 ಜನ ಹೊಸ ಪಕ್ಷದ ಟಿಕೆಟ್‌ನಲ್ಲಿ ನಿಂತರು, 11 ಜನ ಗೆದ್ದರು. ಸೋತವರು ಹುಣಸೂರಿನಲ್ಲಿ ಎಚ್. ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್. 2021ರಲ್ಲಿ ಮಸ್ಕಿಯಲ್ಲಿ ಪ್ರತಾಪಗೌಡ ಪಾಟೀಲರನ್ನು ಜನ ಸೋಲಿಸಿದರು. 2023ರಲ್ಲಿ ಕೆ.ಆರ್. ಪೇಟೆ, ಹಿರೇಕೆರೂರು, ಚಿಕ್ಕಬಳ್ಳಾಪುರ, ಅಥಣಿ, ಕಾಗವಾಡದಲ್ಲೂ ಹಾಗೆ ಪಕ್ಷ ಬಿಟ್ಟವರಿಗೆ ಸೋಲಾಯಿತು. ಗೋಕಾಕ, ಯಲ್ಲಾಪುರ, ಯಶವಂತಪುರದಂಥ ಕಡೆ ಪಕ್ಷ ಬಿಟ್ಟವರೇ ಮತ್ತೆ ಗೆದ್ದರು.

ಇದರಲ್ಲಿ ಒಂದೇ ಪಾಠ ಹುಡುಕೋದು ಕಷ್ಟ. ಪ್ರತಿ ಕ್ಷೇತ್ರಕ್ಕೂ ಅದರದ್ದೇ ಲೆಕ್ಕ ಇತ್ತು. ನನ್ನ ಅಭಿಪ್ರಾಯ ಇಷ್ಟೇ: ನಾವು ಚಿಹ್ನೆ ನೋಡಿ ವೋಟು ಹಾಕಿರುತ್ತೇವೆ. ಆ ಚಿಹ್ನೆ ಬಿಡುವವರು ಬಿಡುವ ಮುಂಚೆ ನಮ್ಮ ಮುಂದೆ ಬಂದು ಕಾರಣ ಹೇಳಬೇಕು. "ಕ್ಷೇತ್ರದ ಅಭಿವೃದ್ಧಿಗಾಗಿ" ಅಂದರೆ, ಯಾವ ಕೆಲಸ, ಎಷ್ಟು ಹಣ, ಆಯಿತಾ ಇಲ್ಲವಾ ಅಂತ ಮುಂದಿನ ಚುನಾವಣೆಗೆ ಮೊದಲು ಕೇಳುವುದು ನಮ್ಮ ಕೆಲಸ. ಯಾವ ಪಕ್ಷದಿಂದ ಯಾವ ಪಕ್ಷಕ್ಕೆ ಹೋದರೂ ಪ್ರಶ್ನೆ ಒಂದೇ.

ಆಸ್ತಿ, ಕೇಸು, ಕವರ್

ಚುನಾವಣೆಗೆ ನಿಲ್ಲುವವರು ಫಾರಂ 26ರಲ್ಲಿ ಪ್ರಮಾಣಪತ್ರ ಕೊಡಬೇಕು. ಕ್ರಿಮಿನಲ್ ಕೇಸುಗಳು, ಆಸ್ತಿ, ಸಾಲ, ಓದು, ಐದು ವರ್ಷದ ಆದಾಯ ತೆರಿಗೆ ವಿವರ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. 2018ರದ್ದು, 2023ರದ್ದು ಪಕ್ಕಪಕ್ಕ ಇಟ್ಟು ಓದಿ. ಬರೀ ರೂಪಾಯಿ ಮೊತ್ತ ನೋಡಿ ಗಾಬರಿಯಾಗಬೇಡಿ, ಬೆಂಗಳೂರು ಸುತ್ತಮುತ್ತ ಇದ್ದ ಜಮೀನಿನ ಬೆಲೆ ತಾನಾಗಿಯೇ ಏರಿರುತ್ತದೆ. ಹೊಸದಾಗಿ ಸೇರಿದ ಸರ್ವೆ ನಂಬರ್ ಎಷ್ಟು, ಅದನ್ನು ಕೊಳ್ಳುವಷ್ಟು ಆದಾಯ ತೋರಿಸಿದ್ದಾರಾ, ಹೆಂಡತಿ ಮಕ್ಕಳ ಹೆಸರಿನಲ್ಲಿ ಏನು ಸೇರಿದೆ, ಅದನ್ನು ನೋಡಿ. ಕೇಸಿನಲ್ಲೂ ಹಾಗೇ. ರೈತರ ಜೊತೆ ರಸ್ತೆ ತಡೆ ಮಾಡಿದ್ದಕ್ಕೆ ಬಿದ್ದ ಕೇಸು ಬೇರೆ, ಮೋಸ, ಹಲ್ಲೆ, ಭೂಕಬಳಿಕೆಯ ಕೇಸು ಬೇರೆ. ಕೋರ್ಟು ಆರೋಪ ನಿಗದಿ ಮಾಡಿದೆಯಾ ಅನ್ನೋದೂ ಅದರಲ್ಲೇ ಬರೆದಿರುತ್ತದೆ. ಶಾಸಕರಾದ ಮೇಲೆ ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ಅದನ್ನೂ ಹೊತ್ತಿಗೆ ಸರಿಯಾಗಿ ಕೊಡದವರ ಮೇಲೆ ಉಳಿದ ಲೆಕ್ಕದಲ್ಲಿ ಎಷ್ಟು ನಂಬಿಕೆ ಇಡೋದು?

ಇನ್ನು ಚುನಾವಣೆ ಹಿಂದಿನ ರಾತ್ರಿ ಬರುವ ಕವರ್. ವಿಧಾನಸಭೆಗೆ ಒಬ್ಬ ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ 40 ಲಕ್ಷ. 2.37 ಲಕ್ಷ ಮತದಾರರಿಗೆ ಭಾಗಿಸಿದರೆ ತಲೆಗೆ 17 ರೂಪಾಯಿ ಕೂಡ ಆಗುವುದಿಲ್ಲ. ಮನೆಗೆ 500ರ ನೋಟು ಬಂದರೆ ಅದು ಎಲ್ಲಿಂದ ಬಂತು, ಆಮೇಲೆ ಎಲ್ಲಿಂದ ವಾಪಸ್ ತೆಗೆಯುತ್ತಾರೆ? ನಮ್ಮ ರಸ್ತೆಯಲ್ಲೇ, ನಮ್ಮ ಶಾಲೆ ಗೋಡೆಯಲ್ಲೇ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮಲೆನಾಡಿನಲ್ಲಿ "ಒಂದು ವೋಟು, ಒಂದು ನೋಟು" ಅಂತ ಕೇಳಿಕೊಂಡು ಹೋದವರು. ವೋಟು ಕೊಡಿ, ಜೊತೆಗೆ ಚುನಾವಣೆ ಖರ್ಚಿಗೆ ಒಂದು ರೂಪಾಯಿ ಕೊಡಿ. ಬಡ ಗೇಣಿದಾರರು ಕೊಟ್ಟರು, ಗೆಲ್ಲಿಸಿದರು. ಕೊಟ್ಟವರಿಗೆ ಅವರನ್ನು ಪ್ರಶ್ನೆ ಕೇಳುವ ಧೈರ್ಯ ಇತ್ತು, ಏಕೆಂದರೆ ಋಣ ಇದ್ದದ್ದು ಶಾಸಕರ ಮೇಲೆ.

ಕೊನೆಗೆ ಹೋಲಿಕೆ

ನಮ್ಮ ರಾಜ್ಯದಲ್ಲಿ 1985ರ ನಂತರ ಆಡಳಿತದಲ್ಲಿದ್ದ ಪಕ್ಷ ಮರಳಿ ಬಹುಮತ ಪಡೆದು ಅಧಿಕಾರಕ್ಕೆ ಬಂದಿಲ್ಲ. ದೊಡ್ಡವರೂ ಸೋತಿದ್ದಾರೆ. 1999ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪ, 2018ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಚಾಮುಂಡೇಶ್ವರಿಯಲ್ಲಿ ಸಿದ್ದರಾಮಯ್ಯ, 2023ರಲ್ಲಿ ಆರು ಸಲ ಗೆದ್ದಿದ್ದ ಸ್ಪೀಕರ್ ಕಾಗೇರಿ ಶಿರಸಿಯಲ್ಲಿ. ಆದರೆ ಗಾಳಿ ಬೀಸಿದಾಗ ಕೆಲಸ ಮಾಡಿದವರೂ ಹೋಗುತ್ತಾರೆ, ಮಾಡದವರೂ ತೇಲಿಕೊಂಡು ಬರುತ್ತಾರೆ. ನಿಮ್ಮ ಶಾಸಕರನ್ನು ಕನಸಿನ ಶಾಸಕರ ಜೊತೆ ಹೋಲಿಸಬೇಡಿ. ಎದುರು ನಿಂತಿರುವವರ ಜೊತೆ ಹೋಲಿಸಿ. ಹೊಸಬರಿಗೆ ದಾಖಲೆ ಇರುವುದಿಲ್ಲ, ಹಾಗಾಗಿ ಅವರಿಗೆ ಇದೇ ಪ್ರಶ್ನೆಗಳನ್ನು ಮುಂದಿಟ್ಟು ಕೇಳಿ: ಬಗರ್ ಹುಕುಂ ಸಭೆ ಎಷ್ಟು ದಿನಕ್ಕೊಮ್ಮೆ ಮಾಡ್ತೀರಿ? ಕೆಡಿಪಿ ನಡಾವಳಿ ಪಂಚಾಯಿತಿ ಬೋರ್ಡಿಗೆ ಹಾಕಿಸ್ತೀರಾ? ತಡವರಿಸಿದರೆ ಅವರಿಗೂ ಕೆಲಸ ಗೊತ್ತಿಲ್ಲ ಅಂತಲೇ.

ದೊಡ್ಡಪ್ಪನ ವಿಷಯ ಹೇಳಿ ಮುಗಿಸುತ್ತೇನೆ. ಮದುವೆ ಆದ ತಿಂಗಳೇ ನಾನು, ದೊಡ್ಡಪ್ಪ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆವು. ಸಮಿತಿ ಎಷ್ಟು ಸಲ ಸೇರಿದೆ, ಬೇರೆ ಬೇರೆ ವರ್ಷ ಕರೆದ ಸಕ್ರಮದ ಅರ್ಜಿಗಳಾದ ಫಾರಂ 50, 53, 57ರಲ್ಲಿ ಎಷ್ಟು ಬಾಕಿ ಇವೆ, ನಮ್ಮ ಕಡತ ಯಾವ ಹಂತದಲ್ಲಿದೆ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತು. ಶಾಸಕರು ಗೆದ್ದ ಮೇಲೆ ಸಮಿತಿ ಸೇರಿದ್ದು ಎರಡೇ ಸಲ. ದೊಡ್ಡಪ್ಪನ ಕಡತ ಎರಡು ಸಭೆಗೂ ಹೋಗಿರಲಿಲ್ಲ. ಮುಂದಿನ ವಾರ ಶಾಸಕರು ಊರಿಗೆ ರಸ್ತೆ ಕೆಲಸದ ಗುದ್ದಲಿ ಪೂಜೆಗೆ ಬಂದರು. ಹಾರ ಹಾಕಿಸಿಕೊಂಡು ಹೊರಡುವಾಗ ದೊಡ್ಡಪ್ಪ ಆ ಹಿಂಬರಹ ಹಿಡಿದುಕೊಂಡು ಕಾರಿನ ಹತ್ತಿರ ಹೋದರು. ಜನರ ಮುಂದೆಯೇ ಕೇಳಿದರು, "ಸ್ವಾಮಿ, ಮೂರನೇ ಸಭೆ ಯಾವತ್ತು?"

ಶಾಸಕರು ಕಾಗದ ಇಸಿದುಕೊಂಡು ಓದಿದರು. ಪಿಎ ಕಡೆ ತಿರುಗಿ ದಿನಾಂಕ ಬರೆದುಕೊಳ್ಳಲು ಹೇಳಿದರು. ದೊಡ್ಡಪ್ಪ ಆ ದಿನಾಂಕವನ್ನು ಹಿಂಬರಹದ ಹಿಂದೆ ತಾವೇ ಪೆನ್ನಿನಲ್ಲಿ ಬರೆದುಕೊಂಡು, ಮನೆಗೆ ಬಂದು ಅದೇ ಪ್ಲಾಸ್ಟಿಕ್ ಕವರಿಗೆ ಸೇರಿಸಿದ್ದಾರೆ.